ಬೆಲೆಯೆಂಬ ಬಹುರೂಪಿ

ಮಂಕಿಯ ಮೀನುಪೇಟೆಯಲ್ಲಿ ಬೆಳೆದವನಿಗೆ ವ್ಯಾಪಾರದ ಮರ್ಮವನ್ನು ಯಾರೂ ಕಲಿಸಬೇಕಾಗಿಲ್ಲವೆಂಬ ಗರ್ವ ನನಗಿತ್ತು. ಬಂಗಡೆಯ ಬುಟ್ಟಿಯ ಹಿಂದೆ ಕುಳಿತವಳು ನೂರೆಂದರೆ ನಾವು ಅರವತ್ತೆನ್ನುತ್ತೇವೆ. ಎಂಬತ್ತಕ್ಕೆ ಇಬ್ಬರೂ ಒಪ್ಪುತ್ತೇವೆ. ಅಲ್ಲಿ ಎಳೆದಾಟವೆಲ್ಲ ಬಹಿರಂಗ. ಈ ಗರ್ವ ಮುರಿದದ್ದು, ತಂಗಿಯ ಮಗನೊಡನೆ ಹೊಸ ಕಾರು ಕೊಳ್ಳಲು ಶಹರದ ಮಳಿಗೆಯೊಂದಕ್ಕೆ ಹೋದ ದಿನ.

ಜಾಹೀರಾತಿನಲ್ಲಿ ಎಂಟು ಲಕ್ಷವೆಂದಿದ್ದ ಕಾರಿಗೆ ಮಾರಾಟದ ತರುಣ ಹತ್ತು ಲಕ್ಷದ ಅಂದಾಜುಪಟ್ಟಿಯನ್ನು ನಗುತ್ತ ಮುಂದಿಟ್ಟ. ಹುಡುಗ ಸಹಿಗೆ ಲೇಖನಿ ತೆಗೆದೇಬಿಟ್ಟ. ತೆಂಗು ಮಾರಿ ತಂಗಿ ಕೂಡಿಟ್ಟ ಹಣ ನನ್ನ ಕಣ್ಣ ಮುಂದೆ ಬಂದಿತು. “ತಡೆಯೋ, ಒಂದೊಂದೇ ಬಾಬನ್ನು ಓದೋಣ” ಎಂದೆ.

ಆ ಎಂಟು ಲಕ್ಷ ‘ಎಕ್ಸ್ ಶೋರೂಂ’ ಬೆಲೆ. ತಯಾರಕನ ಬೆಲೆ, ಮಳಿಗೆಯವನ ಪಾಲು, ಸರಕಿನ ತೆರಿಗೆ, ಮೂರೂ ಅದರ ಹೊಟ್ಟೆಯಲ್ಲಿವೆ. 2025ರ ಸೆಪ್ಟೆಂಬರ್ 22ರಿಂದ, ನಾಲ್ಕು ಮೀಟರು ಮೀರದ, 1200 ಸಿ.ಸಿ. ಒಳಗಿನ ಪೆಟ್ರೋಲ್ ಕಾರಿಗೆ ಈ ತೆರಿಗೆ ಶೇಕಡಾ 18. ಅದಕ್ಕಿಂತ ದೊಡ್ಡದಕ್ಕೆ 40. ಅಂದರೆ ನಮ್ಮ ಎಂಟು ಲಕ್ಷದಲ್ಲಿ ಸುಮಾರು 1 ಲಕ್ಷ 22 ಸಾವಿರ ಸರಕಾರದ್ದೇ. ಮಳಿಗೆಯವನ ಪಾಲೆಷ್ಟೆಂಬುದು ಮಾತ್ರ ಯಾವ ಕಾಗದದಲ್ಲಿಯೂ ಇಲ್ಲ.

ಮುಂದಿನದು ರಾಜ್ಯದ ಜೀವಾವಧಿ ತೆರಿಗೆ. ಐದರಿಂದ ಹತ್ತು ಲಕ್ಷದ ಪೆಟ್ರೋಲ್ ಕಾರಿಗೆ ಶೇಕಡಾ 14, ಅದರ ಮೇಲೆ ಉಪಕರ. ಇಲ್ಲಿ ಚೌಕಾಸಿಗೆ ಎಡೆಯಿಲ್ಲ. ಮಳಿಗೆಯವನು ಇದನ್ನು ವಸೂಲು ಮಾಡಿ ಕಟ್ಟುವವನಷ್ಟೆ.

ಚೌಕಾಸಿಯ ನೆಲ ಇದರಾಚೆಗಿದೆ. ಹೊಸ ಕಾರಿಗೆ ಮೂರು ವರ್ಷದ ಮೂರನೆಯ ವ್ಯಕ್ತಿಯ ವಿಮೆ 2018ರ ಸೆಪ್ಟೆಂಬರಿನಿಂದ ಕಡ್ಡಾಯ. ಆದರೆ ಅದನ್ನು ಯಾರಲ್ಲಿ ಕೊಳ್ಳಬೇಕೆಂಬುದು ನಮ್ಮ ಇಚ್ಛೆ. ಮಳಿಗೆಯವನು ವಿಮೆ ಮಾಡಿಸಿದರೆ ಅವನಿಗೆ ಸಂಭಾವನೆಯುಂಟು, ಸಾಲ ಕೊಡಿಸಿದರೂ ಉಂಟು. ಕಾಲುಹಾಸು, ವಾರಂಟಿಯ ವಿಸ್ತರಣೆ, ‘ನಿರ್ವಹಣಾ ವೆಚ್ಚ’ವೆಂಬ ಅರ್ಥವಿಲ್ಲದ ಬಾಬು, ಇವೆಲ್ಲ ಕಡ್ಡಾಯದ ವೇಷ ತೊಟ್ಟ ಐಚ್ಛಿಕಗಳು. ಡಿಸೆಂಬರಿನ ರಿಯಾಯಿತಿಯೂ ದಾನವಲ್ಲ. ಜನವರಿ ಒಂದರಂದು ಆ ಕಾರು ಕಾಗದದಲ್ಲಿ ‘ಕಳೆದ ವರ್ಷದ್ದು’ ಆಗುತ್ತದೆ, ಮುಂದೆ ಮಾರುವಾಗ ಬೆಲೆ ಕುಗ್ಗುತ್ತದೆ.

ಬೇಡದ್ದನ್ನು ಹೊಡೆದುಹಾಕಿಸಿ, ವಿಮೆಯನ್ನು ಹೊರಗೆ ವಿಚಾರಿಸಿ ತಂದೆವು. ಮೂವತ್ತೆಂಟು ಸಾವಿರ ಉಳಿಯಿತು. ತರುಣನ ಮೇಲೆ ನನಗೆ ಸಿಟ್ಟಿಲ್ಲ. ಅವನಿಗೂ ತಿಂಗಳ ಗುರಿಯಿದೆ, ಮನೆಯಿದೆ.

ಹಿಂತಿರುಗುವಾಗ ಹುಡುಗ ಕೇಳಿದ: “ಮಾವ, ಶಾಲೆಯಲ್ಲಿ ಲಾಭ-ನಷ್ಟ ಕಲಿಸಿದವರು ನೀವೇ. ಇದನ್ನೇಕೆ ಹೇಳಲಿಲ್ಲ?”

ನಾನು ಸುಮ್ಮನಾದೆ. ಮೂವತ್ತು ವರ್ಷ ಕಪ್ಪುಹಲಗೆಯ ಮೇಲೆ ನಾನು ಬರೆದ ಪ್ರತಿ ಲೆಕ್ಕವೂ ‘ಅಸಲು ಬೆಲೆ ಇಷ್ಟಿದ್ದರೆ’ ಎಂದೇ ಆರಂಭವಾಗುತ್ತಿತ್ತು. ಲೋಕದಲ್ಲಿ ಮುಚ್ಚಿಡುವುದು ಅದೊಂದನ್ನೇ ಎಂದು ನನಗಾದರೂ ಯಾರು ಹೇಳಿದ್ದರು!