ಗೇರುಹಣ್ಣಿನ ಕೆಂಪು, ಒಣಹುಲ್ಲಿನ ಹಳದಿ

‘ಟಿಂಗ್’ ಅಂತ ಬಂದ ಆ ಸದ್ದು ಇನ್ನೂ ಕಿವಿಯಲ್ಲಿದೆ. ಹಳೇ ಲಾರಿಯ ಕಮಾನುಪಟ್ಟಿ ಬಡಿದು, ಎರಡು ಭಾನುವಾರ ಅರ ತಿಕ್ಕಿ ಮಾಡಿದ್ದ ಮೀನು ಕೊಯ್ಯುವ ಚೂರಿ. ಕೆಂಪಗೆ ಕಾಯಿಸಿ ಬಕೆಟ್ಟಿನ ನೀರಿಗೆ ಅದ್ದಿದ್ದೇ ತಡ, ಅಲಗಿನಿಂದ ಬೆನ್ನಿನವರೆಗೆ ಕೂದಲೆಳೆಯಂಥ ಸೀಳು. ಆ ಉಕ್ಕಿಗೆ ಎಣ್ಣೆ ಬೇಕಿತ್ತು. ನೀರು ತೀರ ಬೇಗ ತಣಿಸಿಬಿಟ್ಟಿತು.

ನಾನು ಹಾನಗಲ್ ಕಡೆಯವನು. ಅಪ್ಪ ಕುಡ ಹಣಿಸಲು ಹೋದಾಗ ಕಮ್ಮಾರಸಾಲಿಯಲ್ಲಿ ತಿದಿ ಒತ್ತಿದವನು. ಫಿಟ್ಟರ್ ಕೆಲಸ ಹಿಡಿದು ಗೋವಾಕ್ಕೆ ಬಂದು, ಫೋಂಡಾದ ಬಾಡಿಗೆ ಮನೆಯ ಹಿತ್ತಲಲ್ಲಿ ಅಲಗು ಮಾಡತೊಡಗಿದ ಮೇಲೆಯೇ ‘ಹದ’ ಅನ್ನುವ ಮಾತಿನ ಆಳ ತಿಳಿದದ್ದು.

ಉಕ್ಕು 727 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಅದರೊಳಗಿನ ಹರಳುಗಳ ಜೋಡಣೆ ಬದಲಾಗಿ, ಇಂಗಾಲ ಕಬ್ಬಿಣದಲ್ಲಿ ಕರಗುತ್ತದೆ. ತಟ್ಟನೆ ತಣಿಸಿದರೆ ಅದಕ್ಕೆ ಹೊರಬರಲು ಹೊತ್ತು ಸಿಗದು, ಅಲ್ಲೇ ಸಿಕ್ಕಿಬೀಳುತ್ತದೆ. ಅಲಗು ಗಡುಸಾಗುತ್ತದೆ, ಜೊತೆಗೆ ಗಾಜಿನಂತೆ ಒಡೆಯುವಂಥದ್ದೂ ಆಗುತ್ತದೆ. ಅದಕ್ಕೇ ಮತ್ತೊಮ್ಮೆ 200 ಡಿಗ್ರಿಯ ಆಸುಪಾಸಿನಲ್ಲಿ ಮೆಲ್ಲಗೆ ಕಾಯಿಸಿ ಬಿಗುವು ಇಳಿಸಬೇಕು. ಮೊದಲ ಕಾವು ಮಿತಿಮೀರಿದರೆ ಹರಳುಗಳು ದಪ್ಪವಾಗಿ ಉಕ್ಕು ಪೆಡಸಾಗುತ್ತದೆ. ಕಾವು ಮಿತಿಮೀರಿದ್ದಕ್ಕೆ ಹಳೇ ಉದಾಹರಣೆಯೊಂದಿದೆ. 1795ರಲ್ಲಿ ಜಾರ್ಜ್ ಪಿಯರ್ಸನ್ ಲಂಡನ್ನಿನ ರಾಯಲ್ ಸೊಸೈಟಿಯ ಮುಂದಿಟ್ಟ ‘ವೂಟ್ಜ್’ ನಮ್ಮ ದಕ್ಷಿಣದ ಉಕ್ಕು. ಆ ಹೆಸರೂ ‘ಉಕ್ಕು’ ಎಂಬುದರಿಂದಲೇ ಬಂದದ್ದು ಎನ್ನುತ್ತಾರೆ. ಇಂಗಾಲ ಹೆಚ್ಚಿದ್ದ ಅದನ್ನು ತಮ್ಮ ಕಬ್ಬಿಣದಂತೆ ಬೆಳ್ಳಗೆ ಕಾಯಿಸಿದ ಯುರೋಪಿನ ಕಮ್ಮಾರರ ಸುತ್ತಿಗೆಯಡಿ ಅದು ಪುಡಿಪುಡಿಯಾಗುತ್ತಿತ್ತು.

ಕಾವನ್ನು ಕಣ್ಣಿನಲ್ಲೇ ಅಳೆಯುವುದನ್ನು ನಾನು ಕಂಡದ್ದು ಫೋಂಡಾ ಸಮೀಪದ ಹಿರಿಯ ಲೋಹಾರರೊಬ್ಬರ ಕುಲುಮೆಯಲ್ಲಿ. ಮ್ಹಾಪ್ಸಾದ ಶುಕ್ರವಾರದ ಸಂತೆಯಲ್ಲಿ ಸಾಲಾಗಿ ಮಾರಲಿಡುತ್ತಾರಲ್ಲ, ಆ ಕೊಯ್ತೊ ಕತ್ತಿಗೆ ಅವರು ಹದ ಹಾಕುತ್ತಿದ್ದರು. ಸೂರ್ಯ ಮುಳುಗುವವರೆಗೆ ಕಾದರು. ಮೇ ತಿಂಗಳ ಬಿಸಿಲಿನಲ್ಲಿ ಕೆಂಡದ ಕೆಂಪು ಸುಳ್ಳು ಹೇಳುತ್ತದೆ. ಅದೇ ಕಾವು ನೆರಳಿನಲ್ಲಿ ಬೇರೆಯೇ ಬಣ್ಣ. ಅಲಗು ಗೇರುಹಣ್ಣಿನ ಕೆಂಪಿಗೆ ಬಂದಾಗ ಅಂಚನ್ನಷ್ಟೇ ಎಣ್ಣೆಗೆ ಅದ್ದಿ ತೆಗೆದರು. ಕಲ್ಲಿನಿಂದ ಉಜ್ಜಿ ಹೊಳಪು ಬರಿಸಿದರು. ಬೆನ್ನಿನಲ್ಲಿ ಉಳಿದಿದ್ದ ಬಿಸಿ ಅಂಚಿನತ್ತ ಹರಿದು ಬಂತು: ಒಣಹುಲ್ಲಿನ ಹಳದಿ, ಅದರ ಹಿಂದೆ ಕಂದು, ಆಮೇಲೆ ನೇರಳೆ. ನೇರಳೆ ಅಂಚು ಮುಟ್ಟುವ ಗಳಿಗೆಯಲ್ಲಿ ಮತ್ತೆ ಅದ್ದಿದರು. ಗಡುಸು ಅಂಚು, ಮೆತ್ತಗಿನ ಬೆನ್ನು, ಎಲ್ಲ ಒಂದೇ ಬೆಂಕಿಯಲ್ಲಿ. ತೆಂಗಿನಕಾಯಿಗೆ ಬಿಡುವ ಏಟು ತಡೆಯುವುದು ಆ ಬೆನ್ನೇ.

ನನ್ನ ವಿದ್ಯುತ್ ಒಲೆಗೆ ಇದು ಬಾರದು. ಬೆಂಕಿ ಇಟ್ಟಿಗೆ, ಕಾಂತಾಲ್ ಸುರುಳಿ, ಕಾವು ಅಳೆಯುವ ಥರ್ಮೋಕಪಲ್ ಸೇರಿಸಿ ನಾನೇ ಕಟ್ಟಿದ್ದು. ಒಳಗಿಟ್ಟದ್ದನ್ನೆಲ್ಲ ಅದು ಸಮನಾಗಿ ಕಾಯಿಸುತ್ತದೆ. ಕುಲುಮೆಯಲ್ಲಿ ತೆಳು ಚೂರಿಯ ತುದಿ ಬುಡಕ್ಕಿಂತ ಮೊದಲೇ ಬೆಂದುಹೋಗುತ್ತದೆ, ಒಲೆಯಲ್ಲಿ ಆ ಭಯವಿಲ್ಲ. ಸ್ಟೇನ್‌ಲೆಸ್ ಉಕ್ಕಿಗಂತೂ 1000 ಡಿಗ್ರಿಗೂ ಮೇಲೆ ಹಲವು ನಿಮಿಷ ಅಲುಗದ ಕಾವು ಬೇಕು; ಇದ್ದಿಲ ಬೆಂಕಿಯಲ್ಲಿ ಅದನ್ನು ಹಿಡಿದು ನಿಲ್ಲಿಸುವುದು ಬಲು ಕಷ್ಟ. ಹಾಗಾಗಿ ಅಡುಗೆಮನೆಯ ಚೂರಿ ಒಲೆಗೆ, ಕೊಯ್ತೊ ಬೆಂಕಿಗೆ. ನನ್ನ ಮಟ್ಟಿಗೆ ಇದರಲ್ಲಿ ಅನುಮಾನವಿಲ್ಲ.

ಒಲೆಗೆ ಕರೆಂಟು ಬೇಕು, ಜುಲೈ ಮಳೆಯಲ್ಲಿ ಅದರ ಭರವಸೆಯಿಲ್ಲ. ಕಳೆದ ಮಳೆಗಾಲದಲ್ಲಿ ಹೊಸ ಚೂರಿಯನ್ನು ಎಣ್ಣೆಯಿಂದ ಎತ್ತಿದೆ, ಕರೆಂಟು ಹೋಯಿತು. ಬಿಗುವು ಇಳಿಸದೆ ರಾತ್ರಿಯಿಡೀ ಬಿಟ್ಟರೆ ತಾನಾಗಿಯೇ ಸೀಳಬಹುದು. ತೊಳೆದು, ಉಜ್ಜಿ, ಬಟ್ಟೆಯಲ್ಲಿ ಸುತ್ತಿಕೊಂಡು ಓಣಿಯ ಕೊನೆಯ ಪೊದೇರನ ಬೇಕರಿಗೆ ಓಡಿದೆ. ಸಂಜೆಯ ಪಾವ್ ಆಗಷ್ಟೇ ಹೊರಬಂದಿತ್ತು. ಕಟ್ಟಿಗೆಯ ಆ ಒಲೆಯ ಬಾಯಿಯ ಹತ್ತಿರ ತಗಡಿನ ಮೇಲೆ ಚೂರಿ ಇಟ್ಟು, ಅವನು ಕೊಟ್ಟ ಚಹಾ ಕುಡಿಯುತ್ತ ಒಂದು ತಾಸು ಕೂತೆ. ತೆಗೆದು ಟಾರ್ಚಿನ ಬೆಳಕಿಗೆ ಹಿಡಿದಾಗ ತುದಿಯಿಂದ ಹಿಡಿಯವರೆಗೆ ಒಂದೇ ಸಮನೆ ಒಣಹುಲ್ಲಿನ ಹಳದಿ.