ಮೂರನೇ ತೂತಿಗೆ ವೈರೇ ಇರಲಿಲ್ಲ

"ವಾಷಿಂಗ್ ಮೆಷಿನ್ ಮುಟ್ಟಿದ್ರೆ ಕೈ ಜುಮ್ ಅನ್ನುತ್ತೆ ಕಣೋ" ಅಂತ ಅಮ್ಮ ಫೋನ್ ಮಾಡಿದಾಗ ಆಫೀಸಿನಲ್ಲಿದ್ದೆ. "ಚಪ್ಪಲಿ ಹಾಕ್ಕೊಂಡು ಮುಟ್ಟಮ್ಮ" ಅಂದುಬಿಟ್ಟೆ. ಮೆಷಿನ್ ಮುಟ್ಟಲೇಬೇಡ ಅನ್ನಬೇಕಿತ್ತು. ವಾರಾಂತ್ಯಕ್ಕೆ ಊರಿಗೆ ಹೋಗಿ ಸಾಕೆಟ್ ಬಿಚ್ಚಿಸಿದರೆ, ಮೂರು ತೂತಿನ ಸಾಕೆಟ್ಟಿಗೆ ಬಂದಿದ್ದು ಎರಡೇ ವೈರ್. ಅರ್ಥಿಂಗ್ ತೂತು ಬರೀ ಶೋಗೆ!

ಇಡೀ ಜಗತ್ತಿಗೆ ಒಂದೇ ವೈರಿಂಗ್ ಸ್ಟಾಂಡರ್ಡ್ ಇದ್ದಿದ್ದರೆ ಹೀಗಾಗುತ್ತಿತ್ತಾ? ಸ್ಟಾಂಡರ್ಡ್ ಅಂದ ಕೂಡಲೇ ನಮಗೆ ನೆನಪಾಗೋದು ಪ್ಲಗ್. ಫಾರಿನ್ ಟ್ರಿಪ್ಪಿಗೆ ಅಡಾಪ್ಟರ್ ಹುಡುಕಿದವರಿಗೆಲ್ಲ ಆ ಕಿರಿಕಿರಿ ಗೊತ್ತು. ಪ್ರಯತ್ನವೇನೋ ನಡೆದಿದೆ. ಅಂತಾರಾಷ್ಟ್ರೀಯ ಎಲೆಕ್ಟ್ರೋಟೆಕ್ನಿಕಲ್ ಕಮಿಷನ್, ಅಂದರೆ ಐಇಸಿ, 1986ರಲ್ಲೇ ಎಲ್ಲರಿಗೂ ಆಗುವಂಥ ಪ್ಲಗ್ ವಿನ್ಯಾಸ ಪ್ರಕಟಿಸಿತು. ಅದನ್ನು ಆಧರಿಸಿ ಹೊಸ ಪ್ಲಗ್ ತಂದ ದೇಶಗಳಲ್ಲಿ ಬ್ರೆಜಿಲ್, ದಕ್ಷಿಣ ಆಫ್ರಿಕಾ ಮುಖ್ಯವಾದವು. ಆದರೆ ಬ್ರೆಜಿಲ್‌ನ ಸಾವೊ ಪಾಲೊದಲ್ಲಿ 127 ವೋಲ್ಟ್, ಬ್ರೆಸಿಲಿಯಾದಲ್ಲಿ 220. ಪ್ಲಗ್ ಮಾತ್ರ ಒಂದೇ. 127 ವೋಲ್ಟಿನ ಹೇರ್ ಡ್ರೈಯರ್ ಅನ್ನು 220ಕ್ಕೆ ಸಿಕ್ಕಿಸಿದರೆ ಸುಟ್ಟೇ ಹೋಗುತ್ತದೆ!

ಬದಲಾವಣೆಗೂ ಅಪಾಯ ಇದೆ. ಬ್ರಿಟನ್ 2004ರಿಂದ ಯುರೋಪಿನ ವೈರ್ ಬಣ್ಣಗಳಿಗೆ ಹೊರಳಿತು. ಅಲ್ಲಿ ಮೊದಲು ಕಪ್ಪು ನ್ಯೂಟ್ರಲ್, ನೀಲಿ ಒಂದು ಫೇಸ್. ಈಗ ನೀಲಿಯೇ ನ್ಯೂಟ್ರಲ್, ತ್ರೀ-ಫೇಸ್‌ನಲ್ಲಿ ಕಪ್ಪು ಒಂದು ಫೇಸ್! ಹಳೆಯದೂ ಹೊಸದೂ ಸೇರಿರುವ ಕಟ್ಟಡದಲ್ಲಿ ಬಣ್ಣ ನಂಬಿ ಕೈ ಹಾಕೋ ಹಾಗಿಲ್ಲ. ಅದಕ್ಕೇ ಎಚ್ಚರಿಕೆ ಚೀಟಿ ಅಂಟಿಸಬೇಕೆಂಬ ನಿಯಮವನ್ನೂ ಮಾಡಬೇಕಾಯಿತು. ಹಳೇ ಕೋಡ್ ಓಡುತ್ತಿರುವಾಗಲೇ ವೇರಿಯಬಲ್‌ಗಳ ಹೆಸರು ಅದಲುಬದಲು ಮಾಡಿದ ಹಾಗೆ.

ಹಾಗಾಗಿ ನಮ್ಮ ದುಂಡು ಪಿನ್ನಿನ ಸಾಕೆಟ್ಟನ್ನು ಕೋಟ್ಯಂತರ ಮನೆಗಳಲ್ಲಿ ಕಿತ್ತು ಬದಲಿಸುವುದು ದಂಡದ ಖರ್ಚು ಅಂತ ನನ್ನ ಅನಿಸಿಕೆ. ಆದರೆ ಗೋಡೆಯೊಳಗಿನ ಸುರಕ್ಷತೆಯ ನಿಯಮಗಳು ಹಾಗಲ್ಲ. ವಿದ್ಯುತ್ತಿನ ಮುಂದೆ ಮನುಷ್ಯನ ದೇಹ ಎಲ್ಲ ದೇಶದಲ್ಲೂ ಒಂದೇ. ಐಇಸಿ 60364 ಸರಣಿಯ ನಿಯಮಗಳು ಸರಿಯಾದ ಅರ್ಥಿಂಗ್ ಜೊತೆಗೆ ಮನೆಯ ಸಾಕೆಟ್‌ಗಳಿಗೆ 30 ಮಿಲಿಆಂಪ್ ಲೀಕೇಜ್ ರಕ್ಷಣೆಯನ್ನೂ ಕೇಳುತ್ತವೆ. ನಮ್ಮಲ್ಲಿ ಆ ಕೆಲಸ ಮಾಡುವುದು ಆರ್‌ಸಿಸಿಬಿ. ಫೇಸ್‌ನಲ್ಲಿ ಹೋದ ಕರೆಂಟ್ ಅಷ್ಟೂ ನ್ಯೂಟ್ರಲ್‌ನಲ್ಲಿ ವಾಪಸ್ ಬರದಿದ್ದರೆ ಅದು ಕ್ಷಣದಲ್ಲಿ ಟ್ರಿಪ್ ಆಗುತ್ತದೆ. "ಎಂಸಿಬಿ ಇದೆಯಲ್ಲ" ಅನ್ನಬೇಡಿ. ಅದು ಓವರ್‌ಲೋಡ್‌ಗೆ, ಶಾರ್ಟ್ ಸರ್ಕ್ಯೂಟ್‌ಗೆ. 16 ಆಂಪಿನ ಎಂಸಿಬಿಗೆ ನಿಮ್ಮ ಮೈಯಲ್ಲಿ ಹರಿಯುವ ಕರೆಂಟ್ ಲೆಕ್ಕಕ್ಕೇ ಇಲ್ಲ.

ನಮ್ಮ ವೈರಿಂಗ್ ಸಂಹಿತೆ ಐಎಸ್ 732 ಕೂಡ ಅರ್ಥಿಂಗ್ ಬೇಕೇ ಬೇಕು ಅನ್ನುತ್ತದೆ. ಊರಿನ ಮನೆಯಲ್ಲಿ ಸ್ಟಾಂಡರ್ಡ್‌ಗೆ ಕೊರತೆ ಇರಲಿಲ್ಲ. ವೈರಿಂಗ್ ಮುಗಿದ ಮೇಲೆ ಯಾರೂ ಟೆಸ್ಟ್ ಮಾಡಿರಲಿಲ್ಲ, ಅಷ್ಟೇ. ಟೆಸ್ಟ್ ಮಾಡದ ಕೋಡನ್ನು ನಾವು ರಿಲೀಸ್ ಮಾಡ್ತೀವಾ?

ಈಗ ಅಮ್ಮನ ಮನೆಯಲ್ಲಿ ಹೊಸ ಅರ್ಥಿಂಗ್ ವೈರ್ ಬಂದಿದೆ, ಆರ್‌ಸಿಸಿಬಿ ಕೂತಿದೆ. ಅದರ 'ಟಿ' ಬಟನ್ ಒತ್ತಿದರೆ ಕರೆಂಟ್ ಹೋಗಬೇಕು. ಇವತ್ತು ನಿಮ್ಮ ಮನೆಯಲ್ಲೂ ಒತ್ತಿ ನೋಡಿ. ಹೋಗದಿದ್ದರೆ, ಅಥವಾ ಆ ಬಟನ್ನೇ ಕಾಣದಿದ್ದರೆ, ಎಲೆಕ್ಟ್ರಿಷಿಯನ್‌ಗೆ ಫೋನ್ ಮಾಡಿ. ಅರ್ಥಿಂಗ್ ಕೂಡ ಮೀಟರ್ ಇಟ್ಟು ನೋಡಲು ಹೇಳಿ. ನನ್ನ ಹಾಗೆ ಚಪ್ಪಲಿ ಹಾಕ್ಕೊಳ್ಳಿ ಅಂತ ಮಾತ್ರ ಯಾರಿಗೂ ಹೇಳಬೇಡಿ.