ಬಾಳೆಸಸಿಯ ತೊಟ್ಟಿಲಲ್ಲಿ ದೀಪದ ಬೇಗೆ

ಹೊನ್ನೂರು: ಚಾಮರಾಜನಗರ ಜಿಲ್ಲೆಯ ಯಳಂದೂರು ತಾಲ್ಲೂಕಿನ ಹೊನ್ನೂರು ಹಾಗೂ ಆಸುಪಾಸಿನ ಊರುಗಳಲ್ಲಿ ಬಾಳೆ ನೆಡುವುದೆಂದರೆ ಹಿಂದೆಲ್ಲ ಕಂದು ಕೀಳುವುದರಿಂದಲೇ ಕೆಲಸ ಆರಂಭವಾಗುತ್ತಿತ್ತು. ನೆರೆಯವರ ತೋಟದಲ್ಲಿ ಒಳ್ಳೆಯ ಗೊನೆ ಬಿಟ್ಟ ಬುಡವನ್ನು ಗುರುತಿಟ್ಟುಕೊಂಡು, ಅದರ ಕಂದನ್ನು ಅಗೆದು ತಂದು ನೆಡುವುದು ವಾಡಿಕೆ. ಇಂದು ಜಿ-9 ತಳಿಯ ಬಾಳೆ ಬೆಳೆಯುವವರಲ್ಲಿ ಹೆಚ್ಚಿನವರಿಗೆ ಸಸಿ ಬರುವುದು ನರ್ಸರಿಯಿಂದ, ಕಪ್ಪು ಪಾಲಿಥೀನ್ ಚೀಲದಲ್ಲಿ. ಗೇಣುದ್ದದ, ಐದಾರು ಎಲೆಗಳ ಆ ಸಸಿ ಬಿಸಿಲನ್ನು ಕಂಡಿರುವುದು ಕೆಲವೇ ವಾರಗಳಿಂದ. ಅದಕ್ಕೂ ಹಿಂದಿನ ತಿಂಗಳುಗಟ್ಟಲೆ ಬಾಳು ಕಳೆದದ್ದು ಕಿಟಕಿಯೇ ಇಲ್ಲದ ಕೋಣೆಯೊಂದರಲ್ಲಿ, ಗಾಜಿನ ಬಾಟಲಿಯೊಳಗೆ, ಟ್ಯೂಬ್‌ಲೈಟಿನ ಬೆಳಕಿನಲ್ಲಿ.

ಕೋಣೆಯೊಳಗೆ ದೀಪ ಹಚ್ಚಿ ಗಿಡ ಬೆಳೆಸುವ ಮಾತೆತ್ತಿದರೆ ಪತ್ರಿಕೆ ಓದುವವರಿಗೆ ಪೊಲೀಸ್ ವರದಿಗಳೇ ನೆನಪಾಗುವುದುಂಟು. ಶಿವಮೊಗ್ಗದಲ್ಲಿ 2023ರಲ್ಲಿ ಬಾಡಿಗೆ ಮನೆಯೊಂದರಲ್ಲಿ ಕೃತಕ ಬೆಳಕಿನಡಿ ಗಾಂಜಾ ಬೆಳೆದ ಪ್ರಕರಣ ರಾಜ್ಯದಾದ್ಯಂತ ಸುದ್ದಿಯಾಗಿತ್ತು. ಅಂಥ ಕೃಷಿಗೆ 1985ರ ಮಾದಕ ವಸ್ತು ಕಾಯ್ದೆಯಡಿ ಹತ್ತು ವರ್ಷಗಳವರೆಗೆ ಕಠಿಣ ಸಜೆ ಇದೆ. ಆ ವಿಚಾರ ಅಲ್ಲಿಗೇ ಇರಲಿ. ನಮ್ಮ ನಾಡಿನಲ್ಲಿ ಕೃತಕ ಬೆಳಕಿನ ಬೇಸಾಯ ದಶಕಗಳಿಂದ ಕಾನೂನುಬದ್ಧವಾಗಿ, ಸದ್ದಿಲ್ಲದೆ ನಡೆದುಬಂದಿರುವುದು ಅಂಗಾಂಶ ಕೃಷಿ ಪ್ರಯೋಗಾಲಯಗಳಲ್ಲಿ. ಬೆಂಗಳೂರಿನ ಹುಳಿಮಾವಿನಲ್ಲಿ ತೋಟಗಾರಿಕೆ ಇಲಾಖೆಯ ಜೈವಿಕ ತಂತ್ರಜ್ಞಾನ ಕೇಂದ್ರವಿದೆ. ಖಾಸಗಿ ಪ್ರಯೋಗಾಲಯಗಳು ಹಲವು. ಇವುಗಳಿಗೆಲ್ಲ ದಿನವೂ ತಲೆನೋವು ತರುವುದು ಬೆಳಕಿನ ಕೊರತೆಯಲ್ಲ, ಬೆಳಕಿನ ಜೊತೆಗೆ ಬರುವ ಶಾಖ.

ಒಂದೇ ಬೆಳಕಿಗೆ ಎರಡು ಬಿಲ್

ದೀಪಕ್ಕೆ ಕೊಟ್ಟ ವಿದ್ಯುತ್ತೆಲ್ಲ ಕೊನೆಗೆ ಕೋಣೆಯೊಳಗೇ ಶಾಖವಾಗುತ್ತದೆ. ಇದು ಬಹಳ ಮಂದಿಗೆ ಹೊಳೆಯದ ಸಂಗತಿ. ಟ್ಯೂಬ್‌ಲೈಟು ತಾನು ಪಡೆದ ವಿದ್ಯುತ್ತಿನ ನಾಲ್ಕನೆಯ ಒಂದು ಭಾಗವನ್ನಷ್ಟೇ ಬೆಳಕಾಗಿಸುತ್ತದೆ, ಉಳಿದದ್ದು ನೇರವಾಗಿ ಶಾಖ. ಆ ಕಾಲುಭಾಗದ ಬೆಳಕಾದರೂ ಎಲ್ಲಿಗೆ ಹೋದೀತು? ಗೋಡೆ, ಬಾಟಲಿ, ಎಲೆಗಳ ಮೇಲೆ ಬಿದ್ದು ಅದೂ ಬಿಸಿಯಾಗಿಯೇ ಉಳಿಯುತ್ತದೆ. ದ್ಯುತಿಸಂಶ್ಲೇಷಣೆಯಲ್ಲಿ ಸಸಿ ಹಿಡಿದಿಟ್ಟುಕೊಳ್ಳುವ ಪಾಲು ಲೆಕ್ಕಕ್ಕೆ ಸಿಗದಷ್ಟು ಅಲ್ಪ. ಆದ್ದರಿಂದ ಒಂದು ಕಿಲೊವಾಟ್ ದೀಪ ಉರಿಸುವುದೂ ಕೋಣೆಯಲ್ಲಿ ಒಂದು ಕಿಲೊವಾಟ್ ಹೀಟರ್ ಇಡುವುದೂ ಶಾಖದ ಮಟ್ಟಿಗೆ ಒಂದೇ.

ಒಂದು ಸಣ್ಣ ಲೆಕ್ಕ ಹಾಕಿ ನೋಡೋಣ. ಹತ್ತು ರ‍್ಯಾಕ್‌ಗಳು, ಪ್ರತಿಯೊಂದರಲ್ಲಿ ಐದು ಹಲಗೆ, ಹಲಗೆಗೆ ಎರಡರಂತೆ ಒಟ್ಟು ನೂರು ಟ್ಯೂಬ್‌ಗಳು. ಹಳೆಯ ಕಾಲದ 40 ವಾಟ್ ಟ್ಯೂಬಿಗೆ ತಾಮ್ರದ ಚೋಕ್ ಸೇರಿದರೆ ಸುಮಾರು 55 ವಾಟ್. ನೂರು ಟ್ಯೂಬಿಗೆ 5.5 ಕಿಲೊವಾಟ್. ದಿನಕ್ಕೆ 16 ಗಂಟೆ ಬೆಳಕು, 8 ಗಂಟೆ ಕತ್ತಲೆ ಎಂಬುದು ಸಾಮಾನ್ಯ ಕ್ರಮ. ಅಂದರೆ ದಿನಕ್ಕೆ 88 ಯೂನಿಟ್. ಇಷ್ಟು ಶಾಖವನ್ನು ಹೊರಗೆ ತಳ್ಳಲು ಒಂದೂವರೆ ಟನ್ನಿಗೂ ಮೀರಿದ ಹವಾನಿಯಂತ್ರಕ ಬೇಕು. ಮೂರು ಯೂನಿಟ್‌ನಷ್ಟು ಶಾಖ ಹೊರಹಾಕಲು ಯಂತ್ರ ಒಂದು ಯೂನಿಟ್ ಬಳಸುತ್ತದೆ ಎಂದು ಹಿಡಿದರೂ ಇನ್ನೂ 29 ಯೂನಿಟ್. ಒಟ್ಟು 117. ಬೆಳಕಿಗೆ ಒಮ್ಮೆ, ಆ ಬೆಳಕಿನ ಬೇಗೆ ಕಳೆಯಲು ಇನ್ನೊಮ್ಮೆ ಹಣ ತೆರಬೇಕಾದ ಪರಿಸ್ಥಿತಿ. ಹೊರಗಿನ ಬಿಸಿಲು ಛಾವಣಿಯಿಂದ ಇಳಿಸುವ ಶಾಖ ಈ ಲೆಕ್ಕದಲ್ಲಿ ಸೇರಿಲ್ಲ.

ಈ ಖರ್ಚನ್ನು ತಗ್ಗಿಸುವ ಮೊದಲ ಉಪಾಯ ಅತಿ ಸರಳವಾದುದು: ಚೋಕ್‌ಗಳನ್ನು ರ‍್ಯಾಕಿನಿಂದ ಬಿಚ್ಚಿ ಕೋಣೆಯ ಹೊರಗಿನ ಗೋಡೆಗೆ ಸಾಲಾಗಿ ಜೋಡಿಸುವುದು. ನೂರು ಚೋಕ್‌ಗಳ ಒಂದೂವರೆ ಕಿಲೊವಾಟ್ ಶಾಖ ಒಳಗೆ ಬರುವುದೇ ಇಲ್ಲ. ಸುಮಾರು ಒಂದು ಟನ್ನಿನಷ್ಟು ತಂಪೇ ಸಾಕಾಗುತ್ತದೆ. ತಂತಿ ಎಳೆಯುವ ಖರ್ಚು ಬಿಟ್ಟರೆ ಬೇರೆ ವೆಚ್ಚವಿಲ್ಲ. ಹೊಸ ಯಂತ್ರ ಕೊಳ್ಳುವ ಮುನ್ನ ಇರುವ ಶಾಖ ಎಲ್ಲಿ ಹುಟ್ಟುತ್ತಿದೆ ಎಂದು ನೋಡುವ ಈ ವಿವೇಕ ದುಬಾರಿ ಸಲಹೆಗಾರರಲ್ಲೂ ಯಾವಾಗಲೂ ಕಾಣಸಿಗುವುದಿಲ್ಲ.

ಬಾಟಲಿಯೊಳಗಿನ ಹವೆ

ಬಾಳೆಯ ಅಂಗಾಂಶಕ್ಕೆ ಹಿತವಾದ ಉಷ್ಣತೆ 25 ಡಿಗ್ರಿ ಸೆಲ್ಸಿಯಸ್, ಎರಡು ಡಿಗ್ರಿ ಆಚೀಚೆ. ಆದರೆ ಗೋಡೆಯ ಮೇಲಿನ ಉಷ್ಣಮಾಪಕ 25 ತೋರಿದರೆ ಬಾಟಲಿಯೊಳಗೂ ಅಷ್ಟೇ ಇದೆಯೆಂದು ಭಾವಿಸುವುದು ತಪ್ಪು. ಮುಚ್ಚಿದ ಗಾಜು ಪುಟ್ಟ ಹಸಿರುಮನೆಯಂತೆ ವರ್ತಿಸುತ್ತದೆ. ದೀಪ ಉರಿಯುವಾಗ ಒಳಗಿನ ಉಷ್ಣತೆ ಹೊರಗಿಗಿಂತ ಒಂದೆರಡು ಡಿಗ್ರಿ ಹೆಚ್ಚೇ ಇರುತ್ತದೆ. ಅದರ ಮೇಲೆ, ಕೆಳಗಿನ ಹಲಗೆಯ ಟ್ಯೂಬು ಮೇಲಿನ ಹಲಗೆಯ ಬಾಟಲಿಗಳ ತಳವನ್ನು ಕಾಯಿಸುತ್ತದೆ. ತಳ ಬಿಸಿಯಾಗಿ ಮುಚ್ಚಳ ತಂಪಾಗಿದ್ದರೆ ಅಗಾರ್‌ನಲ್ಲಿರುವ ನೀರು ಆವಿಯಾಗಿ ಮೇಲೆ ಹನಿಗಟ್ಟುತ್ತದೆ, ಸಸಿ ಸದಾ ತೊಪ್ಪೆಯಾಗಿರುತ್ತದೆ. ಇಂಥ ಅತಿಯಾದ ತೇವದಲ್ಲಿ ಎಲೆಗಳು ಗಾಜಿನಂತೆ ಪಾರದರ್ಶಕವಾಗಿ, ಉಬ್ಬಿಕೊಂಡು ಬೆಳೆಯುವುದುಂಟು. ನೋಡಲು ಚೆಂದ. ಹೊರಗೆ ತಂದ ಕೂಡಲೇ ಬಾಡಿ ಬೀಳುತ್ತವೆ. ಆದ್ದರಿಂದಲೇ ಅನುಭವಿಗಳು ದೀಪಕ್ಕೂ ಮೇಲಿನ ಹಲಗೆಗೂ ನಡುವೆ ಗಾಳಿಯಾಡಲು ಜಾಗ ಬಿಡುತ್ತಾರೆ, ಗಟ್ಟಿ ಹಲಗೆಯ ಬದಲು ತಂತಿಜಾಲರಿ ಹಾಕುತ್ತಾರೆ.

ಅಷ್ಟೇಕೆ, ಒಂದು ಫ್ಯಾನ್ ಇಟ್ಟು ಬಿಸಿಗಾಳಿಯನ್ನು ಹೊರಗೆ ದಬ್ಬಬಾರದೇ ಎಂದು ಓದುಗರು ಕೇಳಬಹುದು. ಬೇರೆ ಒಳಾಂಗಣ ಬೆಳೆಗಳಿಗೆ ಅದು ನಡೆದೀತು, ಇಲ್ಲಿ ನಡೆಯದು. ಒಳಗಿನ ಗಾಳಿಯನ್ನು ಎಳೆದು ಹಾಕಿದಷ್ಟೂ ಹೊರಗಿನ ಧೂಳು ಬಾಗಿಲ ಸಂದಿಯಿಂದ ನುಗ್ಗುತ್ತದೆ, ಧೂಳಿನೊಡನೆ ಬೂಷ್ಟಿನ ಕಣಗಳೂ ಬರುತ್ತವೆ. ಅಗಾರ್‌ನಲ್ಲಿ ಲೀಟರಿಗೆ ಸುಮಾರು 30 ಗ್ರಾಂ ಸಕ್ಕರೆ ಬೆರೆಸಿರುತ್ತಾರೆ. ಬೂಷ್ಟಿಗೆ ಅದಕ್ಕಿಂತ ಔತಣ ಬೇಕೆ? ಒಳಕ್ಕೆ ಬರುವ ಗಾಳಿ ಸೋಸಿ ಬರಬೇಕು, ಒಳಗಿನ ಒತ್ತಡ ಹೊರಗಿಗಿಂತ ತುಸು ಹೆಚ್ಚಿರಬೇಕು.

ಉಷ್ಣತೆಯ ಏರಿಳಿತಕ್ಕೂ ಬೂಷ್ಟಿಗೂ ಇನ್ನೊಂದು ಒಳನಂಟಿದೆ. ದೀಪ ಹೊತ್ತಿದಾಗ ಬಾಟಲಿಯ ಗಾಳಿ ಹಿಗ್ಗಿ ಮುಚ್ಚಳದ ಸಂದಿಯಿಂದ ಹೊರಹೋಗುತ್ತದೆ. ದೀಪ ಆರಿ ತಣ್ಣಗಾದಾಗ ಕುಗ್ಗಿ, ಹೊರಗಿನ ಗಾಳಿಯನ್ನು ಒಳಕ್ಕೆ ಎಳೆದುಕೊಳ್ಳುತ್ತದೆ. ದಿನಕ್ಕೊಮ್ಮೆ ಪ್ರತಿ ಬಾಟಲಿಯೂ ಹೀಗೆ ಉಸಿರಾಡುತ್ತದೆ. ಏರಿಳಿತ ಹೆಚ್ಚಿದಷ್ಟೂ ಆ ಉಸಿರು ದೊಡ್ಡದು, ಅದರೊಡನೆ ಒಳಸೇರುವ ಕಣಗಳೂ ಹೆಚ್ಚು.

ಕೊಳ್ಳೇಗಾಲ ಸೀಮೆಯ ರೇಷ್ಮೆ ಬೆಳೆಗಾರರಿಗೆ ಇದನ್ನು ಬಿಡಿಸಿ ಹೇಳಬೇಕಾದ ಅಗತ್ಯವಿಲ್ಲ. ಚಾಕಿ ಹುಳುವಿಗೆ 27-28 ಡಿಗ್ರಿ, ದೊಡ್ಡ ಹುಳುವಿಗೆ 24-25 ಡಿಗ್ರಿ ಎಂಬ ಪಾಠ ಅವರಿಗೆ ಬಾಯಿಪಾಠ. ಬೇಸಿಗೆಯಲ್ಲಿ ಹುಳುಮನೆಯ ಕಿಟಕಿಗೆ ಒದ್ದೆ ಗೋಣಿತಾಟು ಕಟ್ಟುವ ಅವರ ಉಪಾಯ ಮಾತ್ರ ಇಲ್ಲಿಗೆ ಒಗ್ಗುವುದಿಲ್ಲ. ಆ ತೇವವೇ ಬೂಷ್ಟಿಗೆ ಆಹ್ವಾನ.

ಕತ್ತಲೆ ಕೊಲ್ಲದು

ಎಲ್ಲಕ್ಕಿಂತ ಹೆಚ್ಚಿನ ಹಾನಿ ಆಗುವುದು ಕರೆಂಟು ಹೋದಾಗಲಲ್ಲ, ಅರ್ಧ ಕರೆಂಟು ಇದ್ದಾಗ. ವಿದ್ಯುತ್ ಪೂರ್ತಿ ಹೋದರೆ ಹವಾನಿಯಂತ್ರಕ ನಿಂತರೂ ದೀಪವೂ ಆರುತ್ತದೆ, ಶಾಖದ ಮೂಲವೇ ಇಲ್ಲವಾಗುತ್ತದೆ. ಆದರೆ ಸಸಿಗೆ ಬೆಳಕು ತಪ್ಪಬಾರದೆಂಬ ಸದುದ್ದೇಶದಿಂದ ದೀಪಗಳನ್ನು ಇನ್ವರ್ಟರಿಗೆ ಜೋಡಿಸಿ, ಭಾರ ತಡೆಯದೆಂದು ಹವಾನಿಯಂತ್ರಕವನ್ನು ಹೊರಗಿಟ್ಟರೆ ಏನಾದೀತು? ಐದು ಮೀಟರ್ ಅಗಲ, ಆರು ಮೀಟರ್ ಉದ್ದ, ಮೂರು ಮೀಟರ್ ಎತ್ತರದ ಕೋಣೆಯ ಗಾಳಿಯನ್ನಷ್ಟೇ ಲೆಕ್ಕಕ್ಕೆ ಹಿಡಿದರೆ, 5.5 ಕಿಲೊವಾಟ್ ಶಾಖ ಅದನ್ನು ಸುಮಾರು 20 ಸೆಕೆಂಡಿಗೆ ಒಂದು ಡಿಗ್ರಿಯಂತೆ ಏರಿಸಬಲ್ಲದು. ಗೋಡೆ, ಗಾಜು, ಅಗಾರ್‌ಗಳು ಶಾಖ ಹೀರುವುದರಿಂದ ನಿಜದಲ್ಲಿ ಏರಿಕೆ ಇದಕ್ಕಿಂತ ಬಹಳ ನಿಧಾನ. ಹಾಗಿದ್ದರೂ ರಾತ್ರಿ ಕಾವಲುಗಾರ ಒಂದು ನಿದ್ದೆ ಮುಗಿಸಿ ಏಳುವುದರೊಳಗೆ ಕೆಡುಕು ಆಗಿಬಿಟ್ಟಿರುತ್ತದೆ. ಅಂಗಾಂಶದೊಳಗೆ ಅಡಗಿ ಕುಳಿತ ಬ್ಯಾಕ್ಟೀರಿಯಾಗಳು ಬಿಸಿಯಲ್ಲಿ ಎದ್ದು ಹಬ್ಬುತ್ತವೆ, ಚಿಗುರು ಕಂದುಗಟ್ಟುತ್ತದೆ. ಗಂಟಲಿನವರೆಗೆ ತುಂಬಿದ ಕೋಣೆಯಲ್ಲಿ ಹಾಳಾಗುವುದು ಒಂದೆರಡು ಬಾಟಲಿಯಲ್ಲ, ಒಂದು ಹಂಗಾಮಿನ ಸಸಿ.

ಕತ್ತಲೆಯಾದರೋ ಸಸಿಯನ್ನು ಅಷ್ಟು ಬೇಗ ಕೊಲ್ಲದು. ಬಾಟಲಿಯ ಸಸಿಗೆ ಊಟ ಮುಖ್ಯವಾಗಿ ಸಕ್ಕರೆಯಿಂದ. ಬೆಳಕು ಬೆಳವಣಿಗೆಗೆ ಕೊಡುವ ಸೂಚನೆಯೇ ಹೆಚ್ಚು. ಅಲ್ಲಿನ ಬೆಳಕು ಎರಡು ಮೂರು ಸಾವಿರ ಲಕ್ಸ್ ಮಾತ್ರ, ಮಧ್ಯಾಹ್ನದ ಬಿಸಿಲು ಲಕ್ಷ ಲಕ್ಸ್. ಒಂದು ದಿನ ಕತ್ತಲೆಯಲ್ಲಿದ್ದರೆ ಸಸಿ ಒಂದು ದಿನ ಹಿಂದೆ ಬಿದ್ದೀತು, ಅಷ್ಟೆ. ಆದ್ದರಿಂದ ದೀಪವನ್ನು ಉಷ್ಣತೆಯ ಅಧೀನದಲ್ಲಿಡಬೇಕು: 30 ಡಿಗ್ರಿ ದಾಟಿದೊಡನೆ ದೀಪದ ಸರಬರಾಜನ್ನು ತಾನಾಗಿ ಕಡಿಯುವ ಥರ್ಮೋಸ್ಟಾಟ್, ಕರೆಂಟು ಮರಳಿದಾಗ ಮೊದಲು ಹವಾನಿಯಂತ್ರಕ ಓಡಿ ಹತ್ತು ನಿಮಿಷವಾದ ಮೇಲೆಯೇ ದೀಪ ಹೊತ್ತಿಸುವ ಟೈಮರ್. ಎರಡೂ ಅಗ್ಗದ ಸಾಮಾನು. ಇವಿಲ್ಲದ ಕೋಣೆಯಲ್ಲಿ ಎಂಥ ದುಬಾರಿ ಹವಾನಿಯಂತ್ರಕವಿದ್ದರೂ ಅದು ಜೂಜೇ ಸರಿ.

ಕತ್ತಲೆಯ ಎಂಟು ಗಂಟೆಯನ್ನು ಯಾವಾಗ ಇಡಬೇಕೆಂಬುದರಲ್ಲೂ ಉಳಿತಾಯವಿದೆ. ಸಸಿಗೆ ಸೂರ್ಯನ ಗಡಿಯಾರ ಗೊತ್ತಿಲ್ಲ. ಬೆಳಗಿನ 10ರಿಂದ ಸಂಜೆ 6ರವರೆಗೆ ಕತ್ತಲೆ ಮಾಡಿ ರಾತ್ರಿಯಿಡೀ ದೀಪ ಉರಿಸಿದರೆ, ಹೊರಗೆ ತಂಪಿರುವಾಗಲೇ ಹವಾನಿಯಂತ್ರಕ ಹೆಚ್ಚು ದುಡಿಯುತ್ತದೆ. ಇನ್ನೊಂದು ದಾರಿ ರ‍್ಯಾಕ್‌ಗಳನ್ನು ಮೂರು ತಂಡ ಮಾಡಿ ತಂಡಕ್ಕೊಂದು ಎಂಟು ಗಂಟೆಯ ಕತ್ತಲೆ ಹಂಚುವುದು. ಆಗ ಎಲ್ಲ ಹೊತ್ತಿನಲ್ಲೂ ಮೂರರಲ್ಲಿ ಎರಡು ಪಾಲು ದೀಪ ಮಾತ್ರ ಉರಿಯುತ್ತದೆ. ಶಾಖ ದಿನವಿಡೀ ಒಂದೇ ಸಮ, ಸಣ್ಣ ಯಂತ್ರವೇ ಸಾಕು. ಸಣ್ಣ ಪ್ರಯೋಗಾಲಯಕ್ಕೆ ಈ ಎರಡನೆಯದೇ ಹೆಚ್ಚು ಹೊಂದುವಂಥದ್ದು ಎಂದು ತೋರುತ್ತದೆ. ಆದರೆ ತಂಡಗಳ ನಡುವೆ ಬೆಳಕು ಸೋರದಂತೆ ಪರದೆ ಇಳಿಬಿಡಬೇಕು.

ಎಲ್‌ಇಡಿ ಬಂದ ಮೇಲೆ ಲೆಕ್ಕ ಬದಲಾಗಿದೆ. ಅದೇ ನೂರು ಜಾಗಗಳಲ್ಲಿ 20 ವಾಟಿನ ಎಲ್‌ಇಡಿ ಟ್ಯೂಬ್ ಹಾಕಿದರೆ 2 ಕಿಲೊವಾಟ್, ದಿನಕ್ಕೆ 32 ಯೂನಿಟ್. ತಂಪಿಗೆ ಸುಮಾರು 11. ಒಟ್ಟು 43. ಮೊದಲಿನ 117ರ ಎದುರು ತಿಂಗಳಿಗೆ ಎರಡು ಸಾವಿರಕ್ಕೂ ಹೆಚ್ಚು ಯೂನಿಟ್ ಉಳಿತಾಯ. ಎಲ್‌ಇಡಿ ತಣ್ಣಗಿನ ದೀಪ ಎಂಬುದು ಮಾತ್ರ ಅರ್ಧಸತ್ಯ. ಅದರ ಬಿಸಿ ಮುಂದಕ್ಕೆ ಬರದೆ ಬೆನ್ನಿಗೆ ಕಟ್ಟಿಕೊಳ್ಳುತ್ತದೆ. ಬೆನ್ನಿನ ಲೋಹಪಟ್ಟಿಗೆ ಗಾಳಿ ಸಿಗದಿದ್ದರೆ ದೀಪದ ಆಯಸ್ಸು ಕುಗ್ಗುತ್ತದೆ. ಕೆಂಪು-ನೀಲಿ ಬೆರೆಸಿದ ನೇರಳೆ ದೀಪದಡಿ ಎಲೆಯ ಹಳದಿ ಛಾಯೆಯಾಗಲಿ ಬೂಷ್ಟಿನ ಮೊದಲ ಚುಕ್ಕೆಯಾಗಲಿ ಕೆಲಸಗಾರರ ಕಣ್ಣಿಗೆ ಬೀಳುವುದು ಕಷ್ಟ. ಬಿಳಿ ಎಲ್‌ಇಡಿಯೇ ಲೇಸು. ಹಾಲೆಂಡಿನ ಗಾಜಿನಮನೆಗಳಲ್ಲಿ ಸಾವಿರ ವಾಟಿನ ಸೋಡಿಯಂ ದೀಪದ ಬಿಸಿ ಚಳಿಗಾಲಕ್ಕೆ ಉಪಕಾರಿಯಾಗಿತ್ತು. ಎಲ್‌ಇಡಿಗೆ ಬದಲಾದಾಗ ಅಲ್ಲಿನವರು ಆ ಬಿಸಿಯನ್ನು ಬೇರೆಡೆಯಿಂದ ತರಬೇಕಾಯಿತು. ನಮ್ಮ ಬಯಲುಸೀಮೆಗೆ ಆ ಕೊರಗಿಲ್ಲ. ಪಾದರಸವಿರುವ ಟ್ಯೂಬ್‌ಲೈಟುಗಳ ತಯಾರಿಕೆಯನ್ನು 2027ರೊಳಗೆ ನಿಲ್ಲಿಸಲು 2023ರಲ್ಲಿ ಜಿನೀವಾದಲ್ಲಿ ಸೇರಿದ ಮಿನಮಾಟಾ ಒಪ್ಪಂದದ ದೇಶಗಳು ನಿರ್ಧರಿಸಿರುವುದರಿಂದ, ಹಳೆಯ ಕೋಣೆಗಳೂ ಬದಲಾಗಲೇಬೇಕು.

ರೈತ ಕೇಳಬೇಕಾದದ್ದು

ಈ ಕೋಣೆಯ ಗುಟ್ಟು ಹೊನ್ನೂರಿನ ರೈತನಿಗೆ ಏಕೆ ಬೇಕು? ಬಿಸಿಯುಂಡು ನರಳಿದ ಸಸಿ ಚೀಲದಲ್ಲಿ ಹಸಿರಾಗಿಯೇ ಕಂಡು, ನೆಟ್ಟ ಮೇಲೆ ಸಾಯಬಹುದು. ಬಾಳೆ ಹನ್ನೊಂದು ಹನ್ನೆರಡು ತಿಂಗಳ ಬೆಳೆ. ಗುಂಡಿ, ಗೊಬ್ಬರ, ಹನಿ ನೀರಾವರಿಗೆ ಸಾಲ ಮಾಡಿದವನಿಗೆ ಅಲ್ಲಲ್ಲಿ ಸಸಿ ಹೋದರೆ ತೋಟ ಒಂದೇ ಸಮ ಗೊನೆ ಬಿಡದು. ಕೇಂದ್ರದ ಜೈವಿಕ ತಂತ್ರಜ್ಞಾನ ಇಲಾಖೆ 2006ರಲ್ಲಿ ಅಂಗಾಂಶ ಕೃಷಿ ಸಸಿಗಳಿಗೆ ರಾಷ್ಟ್ರೀಯ ದೃಢೀಕರಣ ವ್ಯವಸ್ಥೆ ತಂದಿದೆ. ವೈರಸ್ ಪರೀಕ್ಷೆಯಾಗಿದೆಯೇ, ದೃಢೀಕರಣದ ಗುರುತು ಇದೆಯೇ ಎಂದು ಕೇಳುವುದು ಕೊಳ್ಳುವವನ ಹಕ್ಕು. ಹಾಗೆಂದು ಪನಾಮಾ ಸೊರಗು ರೋಗವಿರುವ ಮಣ್ಣಿನಲ್ಲಿ ರಸಬಾಳೆಯ ಪ್ರಯೋಗಾಲಯದ ಸಸಿ ನೆಟ್ಟರೆ ರೋಗ ಬಾರದೆಂದು ತಿಳಿಯಬಾರದು. ಸಸಿ ಶುದ್ಧವಾಗಿದ್ದರೂ ಶಿಲೀಂಧ್ರ ಮಣ್ಣಿನಲ್ಲೇ ಇರುತ್ತದೆ.

ನೆರಳು ಪರದೆಯಡಿ ಎಷ್ಟು ವಾರ ಇತ್ತೆಂದೂ ಕೇಳಬೇಕು. ಬಾಟಲಿಯಿಂದ ತೆಗೆದ ಸಸಿ ಮೊದಲು ಮಂಜು ಸಿಂಪಡಿಸುವ ಪಾಲಿಮನೆಯಲ್ಲಿ, ಆಮೇಲೆ ನೆರಳಿನಲ್ಲಿ, ಒಂದೊಂದು ಹಂತದಲ್ಲೂ ನಾಲ್ಕರಿಂದ ಆರು ವಾರ ಹದಗೊಳ್ಳಬೇಕು. ಬೇಡಿಕೆ ಹೆಚ್ಚಿದ ಹಂಗಾಮಿನಲ್ಲಿ ಈ ವಾರಗಳಿಗೇ ಕತ್ತರಿ ಬೀಳುವ ಸಂಭವವಿದೆ. ಸಸಿಗಳನ್ನು ಮಧ್ಯಾಹ್ನ ಟಾರ್ಪಾಲು ಬಿಗಿದ ಲಾರಿಯಲ್ಲಿ ತರಿಸದೆ ಸಂಜೆಯ ಮೇಲೆ ತರಿಸಿ, ಎರಡು ಮೂರು ದಿನ ತೆಂಗಿನ ಮರದ ನೆರಳಲ್ಲಿಟ್ಟು ನೀರು ಕೊಟ್ಟು, ಬಿಸಿಲು ಇಳಿದ ಮೇಲೆ ನೆಡುವುದು ಕ್ಷೇಮ.